ಪ್ರಶ್ನೋತ್ತರ: ಅಗ್ಗದ ಇಯರ್‌ಫೋನ್, ದುಬಾರಿ ಕಿವಿ

ಅಡ್ಮಿನ್: ಇಂದು ಭಾನುವಾರ ಸಂಜೆ 6ರಿಂದ ನಮ್ಮ ಬಳಗದ ಶ್ರವಣ ತಜ್ಞೆ ಉತ್ತರಿಸುತ್ತಾರೆ. ವಿಷಯ: ₹1,500ರ ಒಳಗಿನ, ಕಿವಿನಾಳದೊಳಗೆ ಕೂರುವ ಇಯರ್‌ಫೋನ್‌ಗಳ ನಾದ ಮತ್ತು ಹಿತ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ರಾತ್ರಿಪಾಳಿ: ಮೇಡಂ, ನಾನೂ ಗೆಳೆಯನೂ ₹700ರ ಒಂದೇ ಮಾದರಿ ಕೊಂಡೆವು. ಅವನಿಗೆ ಬೇಸ್ ತುಂಬಿ ಬರುತ್ತದೆಯಂತೆ, ನನಗೆ ತಗಡು ಬಡಿದಂತೆ ಕೇಳಿಸುತ್ತದೆ. ನನ್ನದು ನಕಲಿಯೇ?

ತಜ್ಞೆ: ಮೊದಲು ರಬ್ಬರ್ ತುದಿ ಬದಲಿಸಿ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಬಂದಿರುತ್ತವೆ. ಅರ್ಧಕ್ಕರ್ಧ ಜನ ಉಳಿದೆರಡನ್ನು ಡಬ್ಬಿಯ ಸಮೇತ ಎಸೆದಿರುತ್ತಾರೆ. ನಾಳಕ್ಕೂ ತುದಿಗೂ ನಡುವೆ ಚೂರು ಸಂದು ಉಳಿದರೂ ಮೊದಲು ಸೋರಿಹೋಗುವುದು ಬೇಸ್. ಹಾಡು ಓಡುವಾಗ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಆಗ ಬೇಸ್ ಬಂದರೆ ಯಂತ್ರ ಸರಿಯಿದೆ, ಅಳತೆ ತಪ್ಪಿದೆ. ಎರಡು ಕಿವಿಗೆ ಎರಡು ಅಳತೆ ಹಾಕಿದರೂ ತಪ್ಪಿಲ್ಲ. ಎಡಗಿವಿ ಬಲಗಿವಿಯ ಪಡಿಯಚ್ಚಲ್ಲ.

ಹಾಸನದ ಹೊಸಬ: ₹999ರ ಒಳಗೆ ಯಾವ ಕಂಪನಿ ಒಳ್ಳೆಯದು?

ತಜ್ಞೆ: ಕಂಪನಿಯ ಹೆಸರು ಹೇಳುವುದಿಲ್ಲ.

ಗಮಕಪ್ರಿಯ: ನಾದವನ್ನು ಪರೀಕ್ಷಿಸುವುದು ಹೇಗೆ?

ತಜ್ಞೆ: ನೂರು ಸಲ ಕೇಳಿದ ಹಾಡನ್ನೇ ಹಾಕಿ. ನಾನು ತಂಬೂರಿಯೊಂದಿಗಿನ ಒಂಟಿ ದನಿ, ಮೃದಂಗ, ಕೊನೆಗೆ ಆಕಾಶವಾಣಿಯ ವಾರ್ತೆ ಕೇಳುತ್ತೇನೆ. ವಾರ್ತೆಯಲ್ಲಿ ಸಕಾರ, ಶಕಾರಗಳು ಚುಚ್ಚಿದರೆ ಮೇಲಿನ ಕಂಪನಾಂಕಗಳು ಅತಿಯಾಗಿವೆ ಎಂದರ್ಥ. ಮೃದಂಗದ ಎಡಮುಖದಲ್ಲಿ ಗುಮುಕಿ ಎಂಬ ಜಾರುನಾದ ಏರಿ ಇಳಿಯುವುದು ತಿಳಿಯಬೇಕು. ಎಲ್ಲವೂ ಒಂದೇ ಉಬ್ಬಾಗಿ ಕೇಳಿಸಿದರೆ ಅದು ಬೇಸ್ ಅಲ್ಲ, ಬಾವು. ಅಗ್ಗದ ಬಹಳಷ್ಟು ಇಯರ್‌ಫೋನ್‌ಗಳಲ್ಲಿ ಕೆಳಗಿನದನ್ನೂ ಮೇಲಿನದನ್ನೂ ಎತ್ತಿ, ಹಾಡುವವರನ್ನು ಹಿಂದಿನ ಸಾಲಿಗೆ ತಳ್ಳಿರುತ್ತಾರೆ. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮ ಇರಲಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ದಾವಣಗೆರೆ ಡಿಜೆ: ಈಗ ಮೃದಂಗ ಯಾರು ಕೇಳುತ್ತಾರೆ? 100 ಗಂಟೆ ಸತತ ಹಾಡು ಓಡಿಸಿದರೆ ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಪಳಗಿ ಎಲ್ಲ ಸರಿಹೋಗುತ್ತದೆ.

ಗಮಕಪ್ರಿಯ: ಪಳಗುವುದು ನಿಮ್ಮ ಕಿವಿ. ಮೂರು ದಿನ ಕೇಳಿದರೆ ತಗಡೂ ವೀಣೆಯಾಗುತ್ತದೆ.

ದಾವಣಗೆರೆ ಡಿಜೆ: 14 ಮಿ.ಮೀ. ಡ್ರೈವರ್ ಇರುವುದನ್ನು ಒಮ್ಮೆ ಕೇಳಿ, ಆಮೇಲೆ ಮಾತನಾಡಿ.

ಗಮಕಪ್ರಿಯ: ಬಾಯಿ ದೊಡ್ಡದಿದ್ದ ಮಾತ್ರಕ್ಕೆ ಗಾಯಕರಾಗುವುದಿಲ್ಲ ಸ್ವಾಮಿ.

ತಜ್ಞೆ: ಗಮಕಪ್ರಿಯ ಹೇಳಿದ್ದು ಬಹುಪಾಲು ಸರಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಬಸ್‌ಪಾಸ್: ದಿನಕ್ಕೆ 3 ಗಂಟೆ ಬಸ್ಸಿನಲ್ಲಿ ಕೇಳುತ್ತೇನೆ. ಸದ್ದು ಎಷ್ಟಿರಬೇಕು?

ತಜ್ಞೆ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ. 89ಕ್ಕೆ ಏರಿಸಿದರೆ ವಾರಕ್ಕೆ ಉಳಿಯುವುದು 5 ಗಂಟೆ, ನೀವು ಎರಡೇ ದಿನದಲ್ಲಿ ಮುಗಿಸುತ್ತೀರಿ. ತುದಿ ಸರಿಯಾಗಿ ಕೂತು ಎಂಜಿನ್ ಸದ್ದು ತಡೆದರೆ ಜೋರು ಮಾಡುವ ಅಗತ್ಯವೇ ಬೀಳದು.

ಮಲೆನಾಡಿನವಳು: ಅರ್ಧ ಗಂಟೆಗೆ ಕಿವಿ ನೋಯುತ್ತದೆ. ನಡೆಯುವಾಗ ಹೆಜ್ಜೆಯ ಸದ್ದು ತಲೆಯೊಳಗೆ ಬಡಿಯುತ್ತದೆ.

ತಜ್ಞೆ: ನೋವು ನಾಳದೊಳಗಾದರೆ ಸಣ್ಣ ತುದಿ ಅಥವಾ ಫೋಮ್ ತುದಿ ಹಾಕಿ ನೋಡಿ. ಹೊರಗಿನ ಬಟ್ಟಲಿನಲ್ಲಾದರೆ ಇಯರ್‌ಫೋನಿನ ಒಡಲೇ ನಿಮಗೆ ದೊಡ್ಡದು, ಹಿಂದಿರುಗಿಸಿ. ನಾಳ ಮುಚ್ಚಿದಾಗ ಮೂಳೆಯ ಮೂಲಕ ಬಂದ ಹೆಜ್ಜೆಯ ಸದ್ದು ಹೊರಹೋಗಲಾಗದೆ ಒಳಗೇ ಮೊಳಗುತ್ತದೆ, ಅದು ದೋಷವಲ್ಲ. ತಂತಿ ಉಜ್ಜುವ ಸದ್ದಾದರೆ ಕಿವಿಯ ಮೇಲಿನಿಂದ ಸುತ್ತಿ ಹಾಕಿ. ತುರಿಕೆಯೋ ಸೋರಿಕೆಯೋ ಇದ್ದರೆ ಹಾಕಲೇಬೇಡಿ.

ನಿವೃತ್ತ ಮೇಷ್ಟ್ರು: ಬುಧವಾರ ಕಳುಹಿಸಿದ್ದು, ನೋಡದವರಿಗಾಗಿ ಮತ್ತೊಮ್ಮೆ. ‘ಮಂದವಾದ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, 4 ಹನಿ, ಮೂರು ರಾತ್ರಿ. ವೈದ್ಯರ ಬಳಿ ಓಡುವ ಮೊದಲು ಮಾಡಿ ನೋಡಿ. ಹತ್ತು ಜನರಿಗೆ ತಿಳಿಸಿ.’

ತಜ್ಞೆ: ಒಬ್ಬರಿಗೂ ತಿಳಿಸಬೇಡಿ. ಕಿವಿತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಬಿಸಿ ಹೆಚ್ಚಿದ್ದರೆ ಸುಡುತ್ತದೆ. ಕಿವಿ ಒಗ್ಗರಣೆ ಸೌಟಲ್ಲ.

ನಿವೃತ್ತ ಮೇಷ್ಟ್ರು: ನಮ್ಮ ಅಜ್ಜಿ ಇದನ್ನೇ ಮಾಡುತ್ತಿದ್ದರು, ಕೊನೆಯವರೆಗೂ ಕಿವಿ ಚುರುಕಾಗಿತ್ತು.

ಹಾಸನದ ಹೊಸಬ: ಹೋಗಲಿ, ತಂತಿ ಇರುವುದೋ ಬ್ಲೂಟೂತೋ, ಅದನ್ನಾದರೂ ಹೇಳಿ.

ತುಮಕೂರಿನ ಉಪನ್ಯಾಸಕಿ: ಬುಧವಾರ ಹೊಸ ಇಯರ್‌ಫೋನ್ ಬಂತು. ಗುರುವಾರ ಬೆಳಗ್ಗೆಯಿಂದ ಎಡಭಾಗ ಮಂದ. ಬದಲಿ ತರಿಸಿದೆ, ನಿನ್ನೆ ಬಂತು. ಅದರಲ್ಲೂ ಎಡಭಾಗವೇ ಮಂದ. ಬೇರೆ ಕಂಪನಿ ನೋಡಲೇ?

ತಜ್ಞೆ: ಈಗಲೇ ಒಂದು ಕೆಲಸ ಮಾಡಿ. ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ. ಮಂದತನ ಇಯರ್‌ಫೋನಿನ ಜೊತೆ ಬಲಕ್ಕೆ ಹೋಯಿತೋ, ಎಡಗಿವಿಯಲ್ಲೇ ಉಳಿಯಿತೋ?

ದಾವಣಗೆರೆ ಡಿಜೆ: ಜಾಲರಿಗೆ ಗುಗ್ಗೆ ಕಟ್ಟಿರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ.

ತಜ್ಞೆ: ಆರು ತಿಂಗಳು ಹಾಕಿದ್ದಕ್ಕೆ ಹೇಳುವ ಮಾತು. ಇದು ನಿನ್ನೆ ಬಂದದ್ದು. ಸ್ವಲ್ಪ ಸುಮ್ಮನಿರಿ.

ತುಮಕೂರಿನ ಉಪನ್ಯಾಸಕಿ: ಎಡಗಿವಿಯಲ್ಲೇ ಉಳಿಯಿತು. ಹತ್ತಿ ತುರುಕಿದಂತಿದೆ. ಗುಂಯ್ ಎನ್ನುವ ಸದ್ದೂ ಗುರುವಾರದಿಂದ ಇದೆ. ಶೀತ ಎಂದುಕೊಂಡಿದ್ದೆ.

ತಜ್ಞೆ: ಹಾಗಾದರೆ ಎರಡು ಇಯರ್‌ಫೋನ್‌ಗಳೂ ಸರಿಯಾಗಿವೆ. ಬಾಯಿ ಮುಚ್ಚಿ ‘ಹ್ಞೂಂ’ ಎಂದು ಉದ್ದಕ್ಕೆ ಗುನುಗಿ. ದನಿ ಯಾವ ಕಿವಿಯಲ್ಲಿ ಜೋರು?

ತುಮಕೂರಿನ ಉಪನ್ಯಾಸಕಿ: ಬಲದಲ್ಲಿ. ಸ್ಪಷ್ಟವಾಗಿ ಬಲದಲ್ಲಿ.

ತಜ್ಞೆ: ಪೂರ್ತಿ ಓದಿ. ಗುಗ್ಗೆ ಅಥವಾ ಶೀತದಿಂದ ಕಿವಿ ಕಟ್ಟಿದ್ದರೆ ಗುನುಗು ಸಾಮಾನ್ಯವಾಗಿ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ಚೆನ್ನಾಗಿರುವ ಕಿವಿಗೆ ಹೋದರೆ ತೊಂದರೆ ಒಳಗಿವಿಯಲ್ಲಿ ಅಥವಾ ನರದಲ್ಲಿ ಇರಬಹುದು. ಮನೆಯಲ್ಲಿ ಮಾಡಿದ ಈ ಪರೀಕ್ಷೆ ತೀರ್ಪಲ್ಲ, ಆದರೆ ಒಂದೇ ಕಿವಿ, ರಾತ್ರಿ ಬೆಳಗಾಗುವುದರೊಳಗೆ, ಜೊತೆಗೆ ಗುಂಯ್‌ಗುಡುವಿಕೆ: ಇದನ್ನು ಹಠಾತ್ ಶ್ರವಣನಷ್ಟ ಎಂದೇ ಭಾವಿಸಿ ಓಡಬೇಕು. ಇದು ತುರ್ತು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲಿ ಶುರುವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು. ಎರಡು ವಾರ ದಾಟಿದರೆ ಬಹಳ ಕುಗ್ಗುತ್ತದೆ. ನಿಮಗೆ ಇದು ನಾಲ್ಕನೇ ದಿನ. ಕಿವಿ, ಮೂಗು, ಗಂಟಲು ವೈದ್ಯರು ಒಳಗೆ ನೋಡಿ, ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಿಡಿದು, ಶ್ರವಣ ಪರೀಕ್ಷೆ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಇಯರ್‌ಫೋನಿನಿಂದಲೇ ಆಯಿತೇ ಎಂದು ಕೇಳುತ್ತೀರಿ: ಹೆಚ್ಚಿನವರಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ತಲೆಸುತ್ತು ಇದೆಯೇ? ಕಿವಿಗೆ ಏನಾದರೂ ಹಾಕಿದ್ದೀರಾ?

ತುಮಕೂರಿನ ಉಪನ್ಯಾಸಕಿ: ತಲೆಸುತ್ತಿಲ್ಲ. ಬೆಳ್ಳುಳ್ಳಿ ಎಣ್ಣೆ ಹಾಕಿದೆ, ಗುರುವಾರದಿಂದ ನಿನ್ನೆಯವರೆಗೆ. ಮೂರು ರಾತ್ರಿ ಎಂದು ಬಳಗದಲ್ಲಿ ಬಂದಿತ್ತಲ್ಲ, ಅದಕ್ಕೇ ಕಾದೆ.

ತಜ್ಞೆ: ಮೇಷ್ಟ್ರೇ, ಓದಿದಿರಾ? ಎಣ್ಣೆ ಕಿವಿ ಸುಡದಿರಬಹುದು. ಮೂರು ದಿನ ನುಂಗಿತು.

ನಿವೃತ್ತ ಮೇಷ್ಟ್ರು: ನಾನು ಒಳ್ಳೆಯ ಉದ್ದೇಶದಿಂದಲೇ ಕಳುಹಿಸಿದ್ದು.

ಗಮಕಪ್ರಿಯ: ಅಡ್ಮಿನ್ ಎಲ್ಲಿ? ಫಾರ್ವರ್ಡ್ ಬೇಡ ಎಂದು ಹಾಕಿದ್ದು ಯಾರಿಗೆ?

ದಾವಣಗೆರೆ ಡಿಜೆ: ಹಿರಿಯರ ಬಳಿ ಮಾತನಾಡುವ ರೀತಿಯೇ ಇದು?

ಬಸ್‌ಪಾಸ್: ಮೇಡಂ, ನನ್ನ ಚಾರ್ಜಿಂಗ್ ಡಬ್ಬಿ ಬಿಸಿಯಾಗುತ್ತದೆ...

ತುಮಕೂರಿನ ಉಪನ್ಯಾಸಕಿ: ನಾಳೆ ಎರಡು ತರಗತಿ ಮುಗಿಸಿ ಹೋಗುತ್ತೇನೆ.

ತಜ್ಞೆ: ತರಗತಿ ಬಿಡಿ. ಈಗ ತುರ್ತು ವಿಭಾಗಕ್ಕೆ ಹೋಗಿ. ಕಿವಿ ವೈದ್ಯರು ಇಂದು ಸಿಗದಿದ್ದರೆ ಬೆಳಗ್ಗೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಬಾಗಿಲಲ್ಲಿರಿ. ‘ಗುರುವಾರದಿಂದ ಹಠಾತ್ತನೆ ಒಂದು ಕಿವಿ ಕೇಳಿಸುತ್ತಿಲ್ಲ’ ಎಂದು ಇದೇ ಮಾತಿನಲ್ಲಿ ಹೇಳಿ.

ತುಮಕೂರಿನ ಉಪನ್ಯಾಸಕಿ: ತಮ್ಮ ಬೈಕ್ ತೆಗೆಯುತ್ತಿದ್ದಾನೆ. ಇಯರ್‌ಫೋನ್ ತೆಗೆದುಕೊಂಡು ಹೋಗಲೇ?

ತಜ್ಞೆ: ಬೇಡ.