ಜೀಪಿನ ಕ್ಯಾನ್ವಾಸ್ ಹುಡ್ ತೂತಾಗಿದೆ, ತೇಪೆ ನಿಲ್ತಾ ಇಲ್ಲ

ಹಳೇಜೀಪು_ಜಯನಗರ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಹೀಂದ್ರ ಎಂಎಂ 540. ಹುಡ್ ದಪ್ಪ ಹತ್ತಿ ಕ್ಯಾನ್ವಾಸಿನದು, ರೆಕ್ಸಿನ್ ಅಲ್ಲ. ನಡುವಿನ ಕಂಬಿ ತಾಗೋ ಕಡೆ ಬಟ್ಟೆ ಸವೆದು ನಾಲ್ಕಾಣೆ ಅಗಲದ ಎರಡು ತೂತಾಗಿವೆ, ಸುತ್ತ ಸೂಜಿಮೊನೆಯಷ್ಟು ಸಣ್ಣವು ಬೇಕಾದಷ್ಟಿವೆ. ಮಳೆ ಬಂದ್ರೆ ಹಿಂದಿನ ಸೀಟೆಲ್ಲ ಒದ್ದೆ. ಒಂದು ಅಂಗಡಿಯಲ್ಲಿ ಅಂಟಿಸಿಕೊಟ್ಟ ತೇಪೆ ಒಂದೇ ಮಳೆಗಾಲಕ್ಕೆ ಎದ್ದು ಬಂತು. ತಂದೆಯವರ ಕಾಲದ ಹುಡ್ ಇದು, ಉಳಿಸಿಕೊಳ್ಳೋ ಆಸೆ. ದಾರಿ ಇದೆಯಾ?

ರಾಜಾಜಿನಗರ_ರೈಡರ್:
ಸಿಲಿಕಾನ್ ಬಳಿದುಬಿಡಿ ಸರ್. ನಮ್ಮನೆ ಶೀಟಿಗೆ ಅದೇ ಹಾಕಿರೋದು, ಒಂದು ಹನಿ ಇಳಿಯಲ್ಲ.

ದಬ್ಬಣ:
ಶೀಟಿಗೆ ಸರಿ, ಬಟ್ಟೆಗೆ ದಯವಿಟ್ಟು ಬೇಡ. ಸಿಲಿಕಾನ್ ಒಮ್ಮೆ ನೂಲಿಗೆ ಹಿಡಿದರೆ ಆಮೇಲೆ ಆ ಜಾಗದಲ್ಲಿ ಬೇರೆ ಅಂಟು, ಬಣ್ಣ ಯಾವುದೂ ನಿಲ್ಲಲ್ಲ.

ಜಯನಗರದವರೇ, ಮೊದಲು ತೂತಿನ ಪಕ್ಕದ ಬಟ್ಟೆಯನ್ನ ಎರಡೂ ಕೈಲಿ ಹಿಡಿದು ಜಗ್ಗಿ ನೋಡಿ. ಪರ್ರ್ ಅಂತ ಹರಿದರೆ ಬಿಸಿಲಿಗೆ ನೂಲೇ ಸತ್ತಿದೆ ಅಂತ ಅರ್ಥ, ಹೊಸ ಹುಡ್ಡೇ ಗತಿ. ಗಟ್ಟಿಯಿದ್ದರೆ ಖಂಡಿತ ಉಳಿಸಬಹುದು. ರಾತ್ರಿ ಒಳಗೊಂದು ಟಾರ್ಚ್ ಹಚ್ಚಿಟ್ಟು, ಹೊರಗಿಂದ ಬೆಳಕು ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಅಂಟು ಒಂದನ್ನೇ ನಂಬಿದ್ದಕ್ಕೆ ಹಳೇ ತೇಪೆ ಎದ್ದಿರೋದು. ಗಾಡಿ ಓಡುವಾಗ ಹುಡ್ ಪಟಪಟ ಬಡಿಯುತ್ತೆ, ಅಂಚು ಸ್ವಲ್ಪ ಬಿಟ್ಟರೂ ಸಾಕು, ನೀರು ಅಡಿಗೆ ನುಗ್ಗುತ್ತೆ. ಹೊಲಿಗೆ ಬೇಕೇ ಬೇಕು. ಅದೇ ದಪ್ಪದ ಹತ್ತಿ ಕ್ಯಾನ್ವಾಸ್ ತಂದು, ಕತ್ತರಿಸೋ ಮೊದಲೇ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಕುಗ್ಗಿ ಸುಕ್ಕು ಬೀಳುತ್ತೆ. ತೂತಿನ ಸುತ್ತ ಎರಡೆರಡು ಇಂಚು ಜಾಸ್ತಿ ಬಿಡಿ, ಮೂಲೆ ದುಂಡಗೆ ಕತ್ತರಿಸಿ, ಅಂಚು ಒಳಕ್ಕೆ ಮಡಚಿ. ಹೊರಗೊಂದು, ಒಳಗೊಂದು ತೇಪೆ. ದಾರ ಪಾಲಿಯೆಸ್ಟರ್ ಇರಲಿ, ನೈಲಾನ್ ಬಿಸಿಲಿಗೆ ಬೇಗ ಪುಡಿಯಾಗುತ್ತೆ. ಇಂಚಿಗೆ ಆರು ಹೊಲಿಗೆ ಸಾಕು. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿ ಹರಿದ ಹಾಗೆ ಆ ಸಾಲಿಗೇ ಹರಿಯುತ್ತೆ. ಮನೆ ಮಿಷನ್ನಿಗೆ ಇಷ್ಟು ದಪ್ಪ ಆಗೋದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟು, ಹುಡ್ ಹೊಲಿಯೋರ ಹತ್ತಿರ ಕೊಡಿ, ಇಲ್ಲವೇ ದಬ್ಬಣ ಹಿಡಿದು ಕೈಯಲ್ಲೇ ಹಾಕಿ. ಸಣ್ಣ ತೂತುಗಳಿಗೆ ರಫು ಸಾಕು. ಹೊಲಿದ ಮೇಲೆ ಜೇನುಮೇಣ ಉಜ್ಜಿ, ಹೇರ್ ಡ್ರೈಯರ್ ಹಿಡಿದರೆ ಸೂಜಿಯ ತೂತೊಳಗೆ ಇಳಿಯುತ್ತೆ.

ಎಲ್ಲಕ್ಕಿಂತ ಮುಖ್ಯ ಆ ಕಂಬಿ. ತುಕ್ಕು, ಬಣ್ಣದ ಚಕ್ಕೆ ಇದ್ದರೆ ಉಜ್ಜಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಹೊಡೆದು ಬಣ್ಣ ಬಳಿದು, ಮೇಲೆ ದಪ್ಪ ನೇಯ್ದ ಪಟ್ಟಿ ಸುತ್ತಿ. ಬೆಲ್ಟುಗಳನ್ನ ಬಿಗಿ ಮಾಡಿ. ಇದು ಬಿಟ್ಟರೆ ಎಂಥ ತೇಪೆ ಹಾಕಿದರೂ ಅಲ್ಲೇ ಮತ್ತೆ ತೂತು.

ಹಳೇಜೀಪು_ಜಯನಗರ:
ಜಗ್ಗಿ ನೋಡಿದೆ, ಗಟ್ಟಿಯಾಗೇ ಇದೆ! ಕಂಬಿ ಮೇಲೆ ತುಕ್ಕಿನ ಚಕ್ಕೆ ಕೈಗೇ ಚುಚ್ಚುತ್ತೆ, ನೀವು ಹೇಳಿದ್ದೇ ಕಾರಣ. ಇನ್ನೊಂದು: ಇಡೀ ಹುಡ್ಡಿಗೆ ಮೇಣ ಹಾಕಬೇಕಾ? ತಂದೆ ಸೋಪು, ಪಟಿಕದ ನೀರು ಅಂತಿದ್ದಾರೆ.

ದಬ್ಬಣ:
ಅವರು ಹೇಳ್ತಿರೋದು ಸರಿ. ಸೋಪು ಮತ್ತು ಪಟಿಕ ಸೇರಿದರೆ ನೀರಲ್ಲಿ ಕರಗದ ಅಲ್ಯೂಮಿನಿಯಂ ಸೋಪು ನೂಲಿನೊಳಗೇ ಕೂರುತ್ತೆ. ಮೊದಲು ಬಾರ್ ಸೋಪು ಕರಗಿಸಿದ ನೀರು ಬಳಿದು ಒಣಗಿಸಿ, ಆಮೇಲೆ ಪಟಿಕದ ನೀರು. ಬಿಳಿ ಕಲೆ ಉಳಿಯಬಹುದು, ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಮೇಣ ಹೊಲಿಗೆಗಷ್ಟೇ ಸಾಕು, ಇಡೀ ಹುಡ್ಡಿಗೆ ಹಾಕಿದರೆ ಏಪ್ರಿಲ್ ಬಿಸಿಲಿಗೆ ಜಿಗುಟಾಗಿ ಧೂಳು ಹಿಡಿಯುತ್ತೆ.

ಹೊಸ ತೇಪೆ ಮೊದಲ ಮಳೆಗೆ ಸ್ವಲ್ಪ ಜಿನುಗಿದರೆ ಗಾಬರಿ ಬೇಡ. ಹತ್ತಿ ನೆಂದು ಉಬ್ಬಿದ ಮೇಲೆ ಸಂದು ಮುಚ್ಚಿಕೊಳ್ಳುತ್ತೆ. ಮಳೆ ಬರ್ತಿರುವಾಗ ಒಳಗಿಂದ ಬಟ್ಟೆಗೆ ಬೆರಳು ತಾಗಿಸಬೇಡಿ, ಮುಟ್ಟಿದಲ್ಲೇ ತೊಟ್ಟಿಕ್ಕೋಕೆ ಶುರುವಾಗುತ್ತೆ.

ಜಿಪ್ಸಿಪ್ರಿಯ:
ನಂದು ರೆಕ್ಸಿನ್ ಟಾಪ್. ಇದೇ ವಿಧಾನ ನಡೆಯುತ್ತಾ ಸರ್?

ದಬ್ಬಣ:
ಪಟಿಕ ಅದಕ್ಕೆ ಹಿಡಿಯಲ್ಲ. ಮಾಮೂಲಿ ರಬ್ಬರ್ ಸಲ್ಯೂಷನ್ನೂ ಬೇಡ, ರೆಕ್ಸಿನ್ನಿನೊಳಗಿನ ಎಣ್ಣೆಯಂಥ ಅಂಶ ಹೊರಬಂದು ಅಂಟನ್ನ ಮೆತ್ತಗೆ ಮಾಡಿಬಿಡುತ್ತೆ. ಈಗಿನ ರೆಕ್ಸಿನ್ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ, ಪಿವಿಸಿಗೆ ಅಂತಲೇ ಇರೋ ಅಂಟು ತಗೊಳ್ಳಿ. ಲಾರಿ ಟಾರ್ಪಾಲಿಗೆ ಬಿಸಿಗಾಳಿಯಲ್ಲಿ ಬೆಸುಗೆ ಹಾಕೋರು ಸಿಕ್ಕರೆ ಅದು ಇನ್ನೂ ಗಟ್ಟಿ.