ಟೆಟ್ರಾಕ್ವಾರ್ಕ್ ವರ್ಗೀಕರಣದಲ್ಲಿ ಫ್ಲೇವರ್ ಸಮಮಿತಿಯ ಪಾತ್ರವೇನು?

ಮಡಿಕೇರಿಯಿಂದ ಪ್ರಶ್ನೆ:
2021ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಪ್ರಕಟಿಸಿದ ಟಿಸಿಸಿ ಎಂಬ ಟೆಟ್ರಾಕ್ವಾರ್ಕ್ ಕಣದಲ್ಲಿ (ಎರಡು ಕ್ವಾರ್ಕ್, ಎರಡು ಪ್ರತಿಕ್ವಾರ್ಕ್ ಇರುವ ಕಣ) ಎರಡು ಚಾರ್ಮ್ ಕ್ವಾರ್ಕ್‌ಗಳೂ ಅಪ್, ಡೌನ್ ಪ್ರತಿಕ್ವಾರ್ಕ್‌ಗಳೂ ಇವೆ. ಇಷ್ಟು ಭಾರವಾದ ಚಾರ್ಮ್ ಇರುವಾಗ ಅಪ್, ಡೌನ್, ಸ್ಟ್ರೇಂಜ್ ಎಂಬ ಮೂರು ಹಗುರ ಫ್ಲೇವರ್‌ಗಳನ್ನು (ಕ್ವಾರ್ಕ್ ಬಗೆಗಳನ್ನು) ಸಮಾನವಾಗಿ ಕಾಣುವ ಎಸ್‌ಯು(3) ಸಮಮಿತಿಯನ್ನು ಅನ್ವಯಿಸುವುದು ಹೇಗೆ?

ವಿರಾಜಪೇಟೆಯಿಂದ ಉತ್ತರ:
ಮಳೆಗೆ ವಿದ್ಯುತ್ ಹೋಗುವ ಮುನ್ನ ಬರೆದುಬಿಡುತ್ತೇನೆ. ಚಾರ್ಮ್ ಕ್ವಾರ್ಕ್ ಎಸ್‌ಯು(3)ರಲ್ಲಿ ಏಕಕ (ಆ ಸಮಮಿತಿಯಿಂದ ಬದಲಾಗದೆ ಒಂಟಿಯಾಗಿ ನಿಲ್ಲುವಂಥದು) ಆದ್ದರಿಂದ ಹಗುರ ಪ್ರತಿಕ್ವಾರ್ಕ್‌ಗಳನ್ನಷ್ಟೇ ಪರಿಗಣಿಸಬೇಕು. ಎರಡು ಪ್ರತಿತ್ರಿಕಗಳ (ಮೂರು ಹಗುರ ಪ್ರತಿಕ್ವಾರ್ಕ್‌ಗಳ ಗುಂಪುಗಳ) ಗುಣಲಬ್ಧವು ಪ್ರತಿಸಮಮಿತ ತ್ರಿಕವಾಗಿಯೂ ಆರು ಸದಸ್ಯರ ಸಮಮಿತ ಪ್ರತಿಷಟ್ಕವಾಗಿಯೂ ಒಡೆಯುತ್ತದೆ. ದತ್ತಾಂಶವು ಟಿಸಿಸಿಯ ಐಸೋಸ್ಪಿನ್ (ಅಪ್-ಡೌನ್ ಸಮಮಿತಿಯ ಕ್ವಾಂಟಂ ಸಂಖ್ಯೆ) ಸೊನ್ನೆಯೆಂಬುದನ್ನು ಬೆಂಬಲಿಸುವುದರಿಂದ ಅದನ್ನು ತ್ರಿಕದಲ್ಲಿಡುವುದೇ ಸಹಜ, ಹಾಗಿಟ್ಟರೆ ಉಳಿದಿಬ್ಬರು ಸದಸ್ಯರಲ್ಲಿ ಸ್ಟ್ರೇಂಜ್ ಪ್ರತಿಕ್ವಾರ್ಕ್ ಇರಲೇಬೇಕು.

ಪೊನ್ನಂಪೇಟೆಯಿಂದ ಉತ್ತರ:
ಗುಪ್ತಚಾರ್ಮ್ ಕಣಗಳಲ್ಲಿ (ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಎರಡೂ ಇರುವವು) ಜೊತೆಗೆ ಒಂದು ಹಗುರ ಕ್ವಾರ್ಕ್, ಒಂದು ಹಗುರ ಪ್ರತಿಕ್ವಾರ್ಕ್ ಇರುವುದರಿಂದ ಅಷ್ಟಕ ಮತ್ತು ಏಕಕ ದೊರೆಯುತ್ತವೆ. 2013ರಲ್ಲಿ ಪ್ರಕಟವಾದ ಝಡ್‌ಸಿ(3900) ಎಂಬ ಇಂಥ ಕಣ ಅಷ್ಟಕದ್ದು. ಆದರೆ ಕಣವು ಮೆಸಾನ್‌ಗಳ (ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಗಳ) ಅಣುವೋ ಬಿಗಿಯಾದ ಟೆಟ್ರಾಕ್ವಾರ್ಕೋ ಎಂಬುದನ್ನು ಈ ವರ್ಗೀಕರಣವೊಂದೇ ತೀರ್ಮಾನಿಸದು.