ತಲೆಗೆ ಕಟ್ಟುವ ಟಾರ್ಚಿನ 18650 ಸೆಲ್ಲು: ಯಾವುದನ್ನು ಕೊಳ್ಳಬೇಕು, ಹೇಗೆ ಚಾರ್ಜ್ ಮಾಡಬೇಕು?

ಪ್ರಶ್ನೆ: ರಾಣೆಬೆನ್ನೂರು ರೈತ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ತಾಲೂಕಿನ ಹಳ್ಳಿ. ಗೋವಿನಜೋಳ ಮತ್ತು ಹತ್ತಿ ಬೆಳೆಯುತ್ತೇವೆ. ತ್ರಿಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗಬೇಕಾಗುತ್ತದೆ. ಹಾವು ಚೇಳಿನ ಭಯವಿರುವುದರಿಂದ ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ನಾವು ಯಾರೂ ಬದುವಿನ ಮೇಲೆ ಕಾಲಿಡುವುದಿಲ್ಲ.

ಈ ಟಾರ್ಚಿನಲ್ಲಿ 18650 ಎಂಬ ಗಾತ್ರದ, ಮತ್ತೆ ಮತ್ತೆ ಚಾರ್ಜ್ ಮಾಡುವ ಎರಡು ಲಿಥಿಯಂ ಸೆಲ್ಲುಗಳಿವೆ. ಒಂದರ ಪ್ಲಾಸ್ಟಿಕ್ ಹೊದಿಕೆ ಮೇಲ್ತುದಿಯ ಹತ್ತಿರ ಹರಿದಿದೆ, ಇನ್ನೊಂದು ಬೇಗನೆ ಇಳಿದುಹೋಗುತ್ತದೆ. ಪೇಟೆಯಲ್ಲಿ ವಿಚಾರಿಸಿದಾಗ 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ಬರೆದ ಸೆಲ್ಲು ಬಹಳ ಅಗ್ಗಕ್ಕೆ ಸಿಗುತ್ತದೆ, ಹೆಸರಾಂತ ಕಂಪನಿಯ 3000 ಎಂಎಎಚ್ ಸೆಲ್ಲಿಗೆ ಅದರ ಮೂರುಪಟ್ಟು ಬೆಲೆ ಹೇಳುತ್ತಾರೆ. ನನ್ನ ತಮ್ಮನು ಆನ್‌ಲೈನಿನಲ್ಲಿ ನೋಡಿದ, ಹೊರದೇಶದಲ್ಲಿ ವೇಪ್ (ಇ-ಸಿಗರೇಟ್) ಸೇದುವವರು ಬಳಸುವ ‘ಹೈ ಡ್ರೇನ್’, ಅಂದರೆ ಒಮ್ಮೆಲೇ ಹೆಚ್ಚು ಕರೆಂಟ್ ಕೊಡುವ ಸೆಲ್ಲೇ ಎಲ್ಲಕ್ಕಿಂತ ಉತ್ತಮ ಎನ್ನುತ್ತಾನೆ.

ಚಾರ್ಜರ್ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಹಸಿರು ದೀಪ ಬಂದ ಮೇಲೂ ಸೆಲ್ಲು ಬಿಸಿಯಾಗಿಯೇ ಇರುತ್ತದೆ. ಪ್ಲಗ್ ಇರುವುದು ಪಡಸಾಲೆಯಲ್ಲಿ, ಬಿಡಿಸಿ ತಂದ ಹತ್ತಿಯನ್ನು ರಾಶಿ ಹಾಕುವುದೂ ಅಲ್ಲಿಯೇ. ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗುವುದನ್ನು ಕಂಡು ನಮ್ಮ ತಾಯಿ ಆತಂಕಪಡುತ್ತಾರೆ. ಅವರ ಆತಂಕ ಸರಿಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ: ಹುಬ್ಬಳ್ಳಿ ರಿಪೇರಿ

ಅಣ್ಣಾರಿಗೆ ನಮಸ್ಕಾರ. ನಿಮ್ಮ ತಾಯಿಯವರ ಆತಂಕ ಸಂಪೂರ್ಣ ಸರಿಯಾಗಿದೆ. ನಾನು ಹುಬ್ಬಳ್ಳಿಯಲ್ಲಿ ಟಾರ್ಚ್, ಎಮರ್ಜೆನ್ಸಿ ಲೈಟು, ಔಷಧಿ ಹೊಡೆಯುವ ಪಂಪುಗಳ ರಿಪೇರಿ ಮಾಡುತ್ತೇನೆ, ಆದ್ದರಿಂದ ಇಂಥ ಸೆಲ್ಲುಗಳು ದಿನವೂ ಕೈಗೆ ಬರುತ್ತವೆ.

ಹೊದಿಕೆ ಹರಿದ ಸೆಲ್ಲನ್ನು ಇವತ್ತೇ ಟಾರ್ಚಿನಿಂದ ತೆಗೆಯಿರಿ. ಈ ಸೆಲ್ಲಿನ ಮೇಲ್ತುದಿಯಲ್ಲಿ ನಡುವಿನ ಭಾಗ ಮಾತ್ರ ಪ್ಲಸ್ ಆಗಿರುತ್ತದೆ. ಅದರ ಸುತ್ತಲಿನ ಅಂಚಿನಿಂದ ಹಿಡಿದು ಬದಿಯ ಉಕ್ಕಿನ ಡಬ್ಬಿ ಮತ್ತು ತಳ ಎಲ್ಲವೂ ಮೈನಸ್. ಎರಡರ ನಡುವಿನ ಅಂತರ ಕೆಲವೇ ಮಿಲಿಮೀಟರ್, ಅಲ್ಲಿ ಶಾರ್ಟ್ ಆಗದಂತೆ ಕಾಯುವುದು ಆ ತೆಳುವಾದ ಪ್ಲಾಸ್ಟಿಕ್ ಮತ್ತು ಅದರ ಕೆಳಗಿನ ಕಾಗದದ ಬಳೆ. ಟಾರ್ಚಿನ ಒಳಗಿನ ಸ್ಪ್ರಿಂಗೋ ತಗಡಿನ ಪಟ್ಟಿಯೋ ಹರಿದ ಜಾಗಕ್ಕೆ ತಗುಲಿದರೆ ಹತ್ತಾರು ಆಂಪಿಯರ್ ಕರೆಂಟ್ ಒಮ್ಮೆಲೇ ಹರಿಯುತ್ತದೆ. ಡಬ್ಬಿ ನೆಗ್ಗದೆ, ತುಕ್ಕು ಹಿಡಿಯದೆ ಇದ್ದರೆ ನಮ್ಮಂಥವರು ಹೊಸ ಬಳೆ ಹಾಕಿ, ಬಿಸಿಗಾಳಿಗೆ ಕುಗ್ಗುವ ಪಿವಿಸಿ ತೋಳನ್ನು ಹೊದಿಸಿ ಕೊಡುತ್ತೇವೆ. ಆದರೆ ನಿಮ್ಮ ಜೋಡಿಯಲ್ಲಿ ಇನ್ನೊಂದು ಸೆಲ್ಲೂ ಬಲಗುಂದಿರುವುದರಿಂದ ಎರಡನ್ನೂ ಬದಲಿಸುವುದೇ ಒಳ್ಳೆಯದು.

ಎರಡನ್ನೂ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದರ ಹಿಂದೆ ಒಂದನ್ನು ಹಾಕುವ ಉದ್ದನೆಯ ಟಾರ್ಚುಗಳಲ್ಲಿ ಸೆಲ್ಲುಗಳು ಸರಣಿಯಲ್ಲಿರುತ್ತವೆ. ಅಲ್ಲಿ ಬಲಹೀನ ಸೆಲ್ಲು ಮೊದಲು ಖಾಲಿಯಾಗುತ್ತದೆ, ಬಲವಾದದ್ದು ಇನ್ನೂ ಕರೆಂಟ್ ತಳ್ಳುತ್ತಲೇ ಇರುವುದರಿಂದ ಖಾಲಿಯಾದದ್ದರ ಪ್ಲಸ್ ಮೈನಸ್ ತಿರುವುಮುರುವಾಗುವ ಮಟ್ಟಕ್ಕೂ ಹೋಗಬಹುದು. ಪಕ್ಕಪಕ್ಕದಲ್ಲಿ ಹಾಕುವ ಹೆಡ್‌ಟಾರ್ಚುಗಳಲ್ಲಿ ಹೆಚ್ಚಿನವು ಸಮಾಂತರ ಜೋಡಣೆಯವು. ಅಲ್ಲಿ ತುಂಬಿದ ಸೆಲ್ಲಿನ ಜೊತೆಗೆ ಖಾಲಿ ಸೆಲ್ಲನ್ನು ಹಾಕಿದರೆ ತುಂಬಿದ್ದು ಖಾಲಿಯದ್ದಕ್ಕೆ ಯಾವ ತಡೆಯೂ ಇಲ್ಲದೆ ಕರೆಂಟ್ ಸುರಿಯುತ್ತದೆ. ಆದ್ದರಿಂದ ಒಂದೇ ಕಂಪನಿಯ, ಒಂದೇ ಮಾದರಿಯ ಸೆಲ್ಲುಗಳನ್ನು ಒಟ್ಟಿಗೆ ಕೊಂಡು, ಒಟ್ಟಿಗೆ ಬಳಸಿ, ಒಟ್ಟಿಗೆ ಚಾರ್ಜ್ ಮಾಡಿ.

ಇನ್ನು ಚಾರ್ಜರಿನ ವಿಷಯ. 3.6 ಅಥವಾ 3.7 ವೋಲ್ಟ್ ಎಂದು ಬರೆದಿರುವ ಈ ಸೆಲ್ಲು ಪೂರ್ತಿ ತುಂಬಿದಾಗ 4.2 ವೋಲ್ಟ್‌ನಲ್ಲಿ ನಿಲ್ಲಬೇಕು. ಒಳ್ಳೆಯ ಚಾರ್ಜರ್ ಮೊದಲು ಒಂದೇ ಪ್ರಮಾಣದ ಕರೆಂಟ್ ಕೊಡುತ್ತದೆ, 4.2 ತಲುಪಿದ ಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಕರೆಂಟನ್ನು ಇಳಿಸುತ್ತಾ ಬಂದು ಕೊನೆಗೆ ಪೂರ್ತಿ ನಿಲ್ಲಿಸುತ್ತದೆ. ಅಗ್ಗದ ಚಾರ್ಜರುಗಳಲ್ಲಿ ಹಸಿರು ದೀಪ ಬಂದ ಮೇಲೂ ಕರೆಂಟ್ ಹರಿಯುತ್ತಲೇ ಇರುವುದನ್ನು ನಾನು ಕಂಡಿದ್ದೇನೆ. ನಿಮ್ಮ ಸೆಲ್ಲು ಹಸಿರು ದೀಪದ ನಂತರವೂ ಬಿಸಿಯಾಗಿರುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಅನುಮಾನ. ಒಂದು ಮಲ್ಟಿಮೀಟರ್ ತಂದು, ಹಸಿರು ದೀಪ ಬಂದ ಕೂಡಲೇ ಸೆಲ್ಲನ್ನು ತೆಗೆದು ಅಳೆಯಿರಿ. ಇದಕ್ಕೆ ಹರಿದ ಹೊದಿಕೆಯ ಸೆಲ್ಲನ್ನು ಯಾವ ಕಾರಣಕ್ಕೂ ಬಳಸಬೇಡಿ. 4.15ರಿಂದ 4.20ರ ಒಳಗೆ ಬಂದರೆ ಸರಿ. 4.25 ದಾಟಿದರೆ ಆ ಚಾರ್ಜರನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ.

ಇನ್ನೊಂದು ಮಾತು. 2 ವೋಲ್ಟಿಗಿಂತ ಕೆಳಗೆ ಇಳಿದು ಬಹಳ ದಿನ ಬಿದ್ದಿದ್ದ ಸೆಲ್ಲಿಗೆ ಬೇರೆ ಬ್ಯಾಟರಿಯಿಂದ ತಂತಿ ತಗುಲಿಸಿ ಜೀವ ಕೊಡುವ ಪದ್ಧತಿ ನಮ್ಮ ಕಸುಬಿನಲ್ಲಿ ಕೆಲವರಿಗೆ ಇದೆ. ಹಾಗೆ ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಆರಂಭಿಸುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗಿನಿಂದಲೇ ಶಾರ್ಟ್ ಮಾಡಬಹುದು. ಗಿರಾಕಿ ಎಷ್ಟೇ ಒತ್ತಾಯಿಸಿದರೂ ನಾನು ಆ ಕೆಲಸ ಮಾಡುವುದಿಲ್ಲ.

ಉತ್ತರ: ಗದಗ ವಿಜ್ಞಾನ ಮಾಸ್ತರ

ರಿಪೇರಿಯವರು ಚೆನ್ನಾಗಿ ವಿವರಿಸಿದ್ದಾರೆ. 9900 ಎಂಎಎಚ್ ಎಂಬ ಅಂಕಿಯ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ.

18650 ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಇಷ್ಟು ಗಾತ್ರದ ಸೆಲ್ಲಿನ ತೂಕ ಸುಮಾರು 45ರಿಂದ 48 ಗ್ರಾಂ. ಅದರಲ್ಲಿ 9900 ಎಂಎಎಚ್ ಇರಬೇಕಾದರೆ ಒಳಗೆ ಸುಮಾರು 36 ವ್ಯಾಟ್-ಗಂಟೆ ಶಕ್ತಿ ತುಂಬಿರಬೇಕು, ಅಂದರೆ ಒಂದು ಕಿಲೋ ತೂಕಕ್ಕೆ ಹೆಚ್ಚುಕಡಿಮೆ 800 ವ್ಯಾಟ್-ಗಂಟೆ. ಹೆಸರಾಂತ ಕಂಪನಿಗಳ ಅತ್ಯುತ್ತಮ 18650 ಸೆಲ್ಲುಗಳು ಸುಮಾರು 3500 ಎಂಎಎಚ್‌ನ ಆಸುಪಾಸಿನಲ್ಲಿವೆ, ಅವುಗಳಲ್ಲಿ ಕಿಲೋಗೆ 270 ವ್ಯಾಟ್-ಗಂಟೆಯನ್ನು ದಾಟುವುದೇ ಕಷ್ಟ. ಹೀಗಿರುವಾಗ 9900 ಎಂದು ಅಚ್ಚುಹಾಕಿದವನು ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ಸಂದೇಹವಿಲ್ಲ, ಮತ್ತು ಅಂಕಿಯಲ್ಲಿ ಸುಳ್ಳು ಹೇಳಿದವನು ಒಳಗಿನ ಸುರಕ್ಷತೆಯಲ್ಲಿ ಪ್ರಾಮಾಣಿಕನಾಗಿರುತ್ತಾನೆಂದು ನಂಬುವುದಕ್ಕೆ ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಮನೆಯಲ್ಲಿಯೇ ಪರೀಕ್ಷಿಸಬಹುದು. ಚಾರ್ಜರ್ 1 ಆಂಪಿಯರ್ ಕೊಡುತ್ತಿದ್ದರೆ ನಿಜವಾದ 3000 ಎಂಎಎಚ್ ಸೆಲ್ಲು ಖಾಲಿಯಿಂದ ತುಂಬಲು ಮೂರು ಗಂಟೆಗಿಂತ ಹೆಚ್ಚು ಸಮಯ ಬೇಕು. ಒಂದು ಗಂಟೆಯೊಳಗೆ ತುಂಬಿತೆಂದರೆ ಅದರ ಸಾಮರ್ಥ್ಯ 1000 ಕೂಡ ಇಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 35 ಗ್ರಾಂಗಿಂತ ಕಡಿಮೆ ಬಂದರೂ ಅನುಮಾನಪಡಬೇಕು.

ನಮ್ಮ ಭಾಗದ ಬೇಸಿಗೆಯನ್ನೂ ಮರೆಯಬಾರದು. ಸಾಮಾನ್ಯವಾಗಿ ಇಂಥ ಸೆಲ್ಲನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಗದಗ, ರೋಣ, ಮುಂಡರಗಿ ಕಡೆ ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲಿಯೇ 38-40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಆಗ ತಗಡಿನ ಶೆಡ್ಡಿನ ಒಳಗೆ ಮಧ್ಯಾಹ್ನ ಎಷ್ಟಿರಬಹುದೆಂದು ಯೋಚಿಸಿ. ಆದ್ದರಿಂದ ಬೆಳಗಿನ ತಂಪು ಹೊತ್ತಿನಲ್ಲಿ, ಮನೆಯಲ್ಲಿ ಎಚ್ಚರವಿರುವವರು ಇದ್ದಾಗ ಚಾರ್ಜಿಗೆ ಇಡುವುದು ಉತ್ತಮ. ಜಾಗ ಕಲ್ಲಿನ ನೆಲವಾಗಿರಲಿ. ಹತ್ತಿ, ಕಣಿಕೆ, ಗೋಣಿಚೀಲ, ಹಾಸಿಗೆ ಯಾವುದೂ ಹತ್ತಿರ ಇರಬಾರದು. ಹತ್ತಿಯ ರಾಶಿಯನ್ನು ಸರಿಸಲು ಆಗದಿದ್ದರೆ ಪ್ಲಗ್ಗನ್ನು ಬೇರೆ ಕೋಣೆಗೆ ಒಯ್ಯಿರಿ.

ಉತ್ತರ: ಹಾವೇರಿ ಎಲೆಕ್ಟ್ರಿಕಲ್ಸ್ ವ್ಯಾಪಾರಿ

ನಿಮ್ಮ ತಮ್ಮನವರು ಹೇಳಿದ ಸೆಲ್ಲಿನ ಬಗ್ಗೆ. ವೇಪ್ ಸಾಧನಗಳ ಮಾರಾಟ, ಆಮದು, ದಾಸ್ತಾನು ಎಲ್ಲವನ್ನೂ ನಮ್ಮ ದೇಶದಲ್ಲಿ 2019ರ ಕಾಯ್ದೆ ನಿಷೇಧಿಸಿದೆ, ಹಾಗಾಗಿ ಆ ಹೆಸರಿನಲ್ಲಿ ಮಾರುವವರಿಂದ ದೂರವಿರಿ. ಸೆಲ್ಲಿನ ಗುಣವನ್ನಷ್ಟೇ ನೋಡಿದರೂ ಅದು ನಿಮಗೆ ಬೇಕಾದುದಲ್ಲ. ಆ ಸಾಧನದ ತಂತಿಸುರುಳಿಯನ್ನು ಕಾಯಿಸಲು ಹೆಚ್ಚು ಕರೆಂಟ್ ಬೇಕಾದ್ದರಿಂದ ಅಲ್ಲಿ 20 ಆಂಪಿಯರ್ ಕೊಡಬಲ್ಲ ಸೆಲ್ಲು ಹುಡುಕುತ್ತಾರೆ, ಸ್ಯಾಮ್‌ಸಂಗ್‌ನ 25ಆರ್ ಅಂಥದ್ದು, ಅದರ ಸಾಮರ್ಥ್ಯ 2500 ಎಂಎಎಚ್ ಮಾತ್ರ. ನಿಮ್ಮ ಟಾರ್ಚ್ ಎಳೆಯುವುದು ಒಂದೆರಡು ಆಂಪಿಯರ್ ಇರಬಹುದು. ಅದಕ್ಕೆ ಹೆಚ್ಚು ಹೊತ್ತು ಬಾಳುವ 3000ದಿಂದ 3400ರ ಸೆಲ್ಲು ಸೂಕ್ತ. ಹೊರದೇಶಗಳಲ್ಲಿ ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆಯ ಜೊತೆ ಕಿಸೆಯಲ್ಲಿ ಇಟ್ಟುಕೊಂಡು ತೊಡೆ ಸುಟ್ಟುಕೊಂಡವರಿದ್ದಾರೆ. ಅದು ವೇಪಿಗೆ ಮಾತ್ರ ಸೀಮಿತವಾದ ಅಪಾಯವಲ್ಲ, ಆದ್ದರಿಂದ ಹೊಲಕ್ಕೆ ಹೆಚ್ಚುವರಿ ಸೆಲ್ಲು ಒಯ್ಯುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಒಯ್ಯಿರಿ.

ಸಾಧ್ಯವಾದರೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನು ಕೊಳ್ಳಿ. ಅದರ ತಳದಲ್ಲಿ ಒಂದು ಚಿಕ್ಕ ಬಿಲ್ಲೆ ಇದ್ದು ಶಾರ್ಟ್, ಅತಿ ಚಾರ್ಜ್, ಅತಿ ಇಳಿತ ಈ ಮೂರು ಸಂದರ್ಭಗಳಲ್ಲೂ ಕರೆಂಟನ್ನು ಕಡಿತಗೊಳಿಸುತ್ತದೆ. ಆದರೆ ಉದ್ದ 68ರಿಂದ 70 ಮಿಲಿಮೀಟರ್ ಆಗುವುದರಿಂದ ಕೆಲವು ಟಾರ್ಚಿನಲ್ಲಿ ಕೂಡುವುದಿಲ್ಲ, ಟಾರ್ಚನ್ನೇ ಅಂಗಡಿಗೆ ತಂದು ಹಾಕಿ ನೋಡಿ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಐಎಸ್ 16046 ಎಂಬ ಮಾನದಂಡದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿಗಿದೆ ಎಂದು ತಿಳಿಯುತ್ತದೆ.

ಸೋಲಾರ್ ದೀಪಗಳಿಂದ ಬಿಚ್ಚಿದ ಸೆಲ್ಲನ್ನು ಟಾರ್ಚಿಗೆ ಹಾಕುವುದು ನಮ್ಮ ಕಡೆ ರೂಢಿಯಾಗಿದೆ. ಅವುಗಳಲ್ಲಿ ಹಲವು 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು, 3.65 ವೋಲ್ಟಿಗೆ ನಿಲ್ಲಬೇಕಾದವು. ಗಾತ್ರ ಒಂದೇ ಆದರೂ ಅವನ್ನು 4.2ರ ಚಾರ್ಜರಿಗೆ ಹಾಕಬಾರದು.

ಮರುಪ್ರಶ್ನೆ: ರಾಣೆಬೆನ್ನೂರು ರೈತ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಪಕ್ಕದ ಮನೆಯ ಮೋಟರ್ ರಿವೈಂಡಿಂಗ್ ಹುಡುಗನ ಮಲ್ಟಿಮೀಟರಿನಿಂದ ಹೊದಿಕೆ ಸರಿಯಿರುವ ಸೆಲ್ಲನ್ನು ಅಳೆಸಿದೆ, 4.31 ತೋರಿಸಿತು. ಚಾರ್ಜರನ್ನು ತೆಗೆದಿಟ್ಟಿದ್ದೇವೆ. ಒಂದು ವೇಳೆ ಸೆಲ್ಲಿಗೆ ಬೆಂಕಿ ಹತ್ತಿದರೆ ನೀರು ಹಾಕಬಹುದೇ? ಹಳೆಯ ಎರಡು ಸೆಲ್ಲುಗಳನ್ನು ಎಲ್ಲಿ ಹಾಕಬೇಕು?

ಉತ್ತರ: ಹುಬ್ಬಳ್ಳಿ ರಿಪೇರಿ

4.31 ಬಂದ ಸೆಲ್ಲನ್ನು ಕೂಡ ಇನ್ನು ಬಳಸಬೇಡಿ. ಟಾರ್ಚಿಗೂ ಚಾರ್ಜರಿಗೂ ಹಾಕದೆ, ಹತ್ತಿಯಿಂದ ದೂರ, ಹೊರಗೆ ನೆರಳಿರುವ ಕಲ್ಲಿನ ಮೇಲೆ ಇಡಿ.

ನೀರು ಹಾಕಬಹುದು, ಅದೂ ಧಾರಾಳವಾಗಿ. ಈ ಸೆಲ್ಲಿನ ಬೆಂಕಿ ಒಳಗಿನ ಬಿಸಿಯಿಂದಲೇ ಮುಂದುವರಿಯುತ್ತದೆ, ಆರಿದಂತೆ ಕಂಡರೂ ಮತ್ತೆ ಹೊತ್ತಬಹುದು, ಆದ್ದರಿಂದ ತಣ್ಣಗಾಗುವವರೆಗೆ ನೀರು ಬೇಕು. ಮಣ್ಣು ಹಾಕಿದರೆ ಸುತ್ತಲಿಗೆ ಹಬ್ಬುವುದು ತಗ್ಗಬಹುದು, ಒಳಗಿನ ಬಿಸಿ ಇಳಿಯುವುದಿಲ್ಲ. ಆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನಲ್ಲಿ ಕರೆಂಟ್ ಇರುವಾಗ ನೀರು ಎರಚಬೇಡಿ. ಸುಂಯ್ ಎಂದು ಸದ್ದು ಮಾಡುವ, ಹೊಗೆ ಬಿಡುವ ಸೆಲ್ಲನ್ನು ಕೈಯಿಂದ ಮುಟ್ಟಬಾರದು. ಆ ಹೊಗೆ ವಿಷಕಾರಿ. ಹತ್ತಿಗೆ ತಗುಲಿತೆಂದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ.

ಹಳೆಯ ಸೆಲ್ಲುಗಳ ಎರಡೂ ತುದಿಗೆ ಮತ್ತು ಹರಿದ ಭಾಗಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ, ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ತಿಪ್ಪೆಗೆ ಅಥವಾ ಒಲೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಮನೆಯ ಕಸದಿಂದ ಬೇರ್ಪಡಿಸಿ ಸಂಗ್ರಹಿಸುವವರಿಗೆ ಕೊಡಬೇಕು. ಹುಬ್ಬಳ್ಳಿಗೆ ಬಂದಾಗ ನನ್ನ ಅಂಗಡಿಗೆ ತಂದರೂ ಆದೀತು, ಇಲ್ಲಿ ಕೂಡಿಟ್ಟ ಸೆಲ್ಲುಗಳನ್ನು ಮರುಬಳಕೆಯವರಿಗೆ ಕಳಿಸುತ್ತೇನೆ. ಹೊಸ ಚಾರ್ಜರ್ ಕೊಂಡ ಮೇಲೆ ಮೊದಲ ಚಾರ್ಜನ್ನು ಹಗಲಿನಲ್ಲಿ ಮಾಡಿ, ಹಸಿರು ದೀಪ ಬಂದಾಗ ಅಳೆದ ಅಂಕಿಯನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.